ಪೊರೆ ಬಲಿಯುವವರೆಗೆ ಕಾಯಬೇಕೆ?

ಕಣ್ಣನ್ನು ಕುರಿತು ಸ್ಮರಣ ಸಂಚಿಕೆಗಳಲ್ಲಿ ಪ್ರಕಟವಾಗುವ ಲೇಖನಗಳು ಬಹುಮಟ್ಟಿಗೆ ಒಂದೇ ಸಂಸ್ಕೃತ ಸೂಕ್ತಿಯಿಂದ ಆರಂಭವಾಗುತ್ತವೆ. ಇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂಬುದನ್ನು ಅರಿಯದ ವಾಚಕರು ಇರಲಾರರಾದ್ದರಿಂದ ಆ ಸೂಕ್ತಿಯನ್ನು ಇಲ್ಲಿ ಬಿಟ್ಟುಬಿಡಬಹುದು. ಅದರ ಬದಲು, ವಯಸ್ಸಾದವರಿರುವ ಮನೆಗಳಲ್ಲೆಲ್ಲ ಒಮ್ಮೆಯಾದರೂ ಕೇಳಿಬರುವ ಒಂದು ಮಾತನ್ನು ವಿಚಾರಕ್ಕೆ ತೆಗೆದುಕೊಳ್ಳುವುದು ಲೇಸು. “ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ನೋಡೋಣ” ಎಂಬುದೇ ಆ ಮಾತು. ಬೀದರ್, ಕಲಬುರಗಿಗಳ ಕಡೆ ಪೊರೆಗೆ ಮೋತಿಬಿಂದು ಎನ್ನುವುದುಂಟು. ಅಲ್ಲಿಯ ಹಿರಿಯರು “ಇನ್ನಾ ಬಲತಿಲ್ಲಂತ್ರಿ” ಎಂದು ಹೇಳಿ ಮಾತು ಮುಗಿಸುತ್ತಾರೆ. ಹೆಸರು ಬೇರೆಯಾದರೂ ಕಾಯುವಿಕೆ ಒಂದೇ. ಒಂದು ಕಾಲದಲ್ಲಿ ವೈದ್ಯರ ಬಾಯಿಂದಲೇ ಹೊರಟು, ಆ ಕಾಲಕ್ಕೆ ಸರಿಯೂ ಆಗಿದ್ದ ಈ ಸಲಹೆ ಇಂದು ಕಣ್ಣಿಗೆ ಹಾನಿಯನ್ನೇ ಮಾಡುತ್ತಿದೆ. ಶಸ್ತ್ರಚಿಕಿತ್ಸೆಯ ವಿಧಾನ ಬದಲಾಯಿತು, ಪರೀಕ್ಷೆಯ ಉಪಕರಣಗಳು ಬದಲಾದವು. ಮನೆಯೊಳಗಿನ ಸಲಹೆ ಮಾತ್ರ ಐವತ್ತು ವರ್ಷಗಳ ಹಿಂದೆ ಎಲ್ಲಿತ್ತೋ ಅಲ್ಲಿಯೇ ಉಳಿದಿದೆ.

ಹೈದರಾಬಾದಿನ ಪೂರ್ವದ ಅಂಚಿನಲ್ಲಿ, ವರಂಗಲ್ಲಿನ ಹೆದ್ದಾರಿ ನಗರವನ್ನು ಬಿಟ್ಟು ಹೊರಡುವ ಎಡೆಯಲ್ಲಿ ಉಪ್ಪಲ್ ಇದೆ. ಕೈಗಾರಿಕೆಗಳಿಗೆ ಹೆಸರಾಗಿದ್ದ, ದೊಡ್ಡ ದೊಡ್ಡ ಸಂಶೋಧನಾಲಯಗಳ ನೆರೆಯಲ್ಲಿರುವ ಈ ಬಡಾವಣೆಗೆ 2017ರ ನವೆಂಬರಿನಲ್ಲಿ ಮೆಟ್ರೋ ರೈಲೂ ಬಂದಿತು. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಣ್ಣಿನ ಆಸ್ಪತ್ರೆ ಇರುವುದು ಇಂಥ ಬಡಾವಣೆಗಳಲ್ಲಿ ಈಗ ಸಾಮಾನ್ಯ ದೃಶ್ಯ. ಕಲಬುರಗಿ, ಬೀದರ್, ರಾಯಚೂರುಗಳ ಜನರಿಗೆ 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬೇರೆಯಾದ ಮೇಲೂ ದೊಡ್ಡ ಕಾಯಿಲೆಗೆ ಹೈದರಾಬಾದಿನ ದವಾಖಾನೆಯೆಂಬ ರೂಢಿ ಅಳಿಯಲಿಲ್ಲ. ಮಗನೋ ಮಗಳೋ ಉಪ್ಪಲ್ಲಿನಲ್ಲಿ, ರಾಮಂತಾಪುರದಲ್ಲಿ ಅಥವಾ ಹಬ್ಸಿಗುಡದಲ್ಲಿ ಮನೆ ಮಾಡಿಕೊಂಡಿದ್ದರಂತೂ ಊರಿನಿಂದ ಬಂದ ತಾಯಿತಂದೆಯರ ಕಣ್ಣನ್ನು ತೋರಿಸುವ ಕೆಲಸ ಆ ಹದಿನೈದು ದಿನಗಳ ವಾಸ್ತವ್ಯದೊಳಗೆ ಮುಗಿಯಬೇಕು. ತಾಯಿಗೆ ಮೊಮ್ಮಕ್ಕಳನ್ನು ಬಿಟ್ಟು ಏಳುವ ಮನಸ್ಸಿಲ್ಲ, ಮಗನಿಗೆ ರಜೆಯಿಲ್ಲ. ಹೀಗೆ ಅವಸರದಲ್ಲಿ ನಡೆದ ಭೇಟಿಯ ಕೊನೆಗೆ ಮನೆಮಂದಿ ಕೇಳುವ ಪ್ರಶ್ನೆ ಒಂದೇ: ಬಲಿತಿದೆಯೋ ಇಲ್ಲವೋ? ಇಲ್ಲವೆಂದಾದರೆ ಎಲ್ಲರಿಗೂ ಒಂದು ಬಗೆಯ ಸಮಾಧಾನ. ಮುಂದಿನ ವರ್ಷ ನೋಡಿದರಾಯಿತು.

ಈ ಪ್ರಶ್ನೆ ಹುಟ್ಟಿದ ಕಾಲವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಣ್ಣಿನೊಳಗಿನ ಸಹಜ ಮಸೂರ ವಯಸ್ಸಿನೊಡನೆ ಪಾರದರ್ಶಕತೆಯನ್ನು ಕಳೆದುಕೊಳ್ಳುವುದೇ ಪೊರೆ. ಹೊರಗಿನಿಂದ ಬಂದು ಕಣ್ಣನ್ನು ಕವಿಯುವ ಪದರವೆಂದು ಹಲವರು ಭಾವಿಸಿದ್ದಾರೆ. ‘ಪೊರೆ’ ಎಂಬ ಮಾತೇ ಆ ತಪ್ಪು ಕಲ್ಪನೆಗೆ ಎಡೆಮಾಡಿಕೊಟ್ಟಿರಬಹುದು. ಮಂಕಾದ ಮಸೂರವನ್ನು ಹೊರತೆಗೆಯುವುದೊಂದೇ ಚಿಕಿತ್ಸೆ. ತೊಟ್ಟು ಔಷಧದಿಂದ ಅದು ಕರಗುವುದಿಲ್ಲ. ಹಿಂದೆ ಮಸೂರವನ್ನು ಅದರ ಕೋಶಸಮೇತ ಇಡಿಯಾಗಿ ತೆಗೆಯುತ್ತಿದ್ದರು. ಅದರ ಸ್ಥಾನದಲ್ಲಿ ಬೇರೇನನ್ನೂ ಇಡುತ್ತಿರಲಿಲ್ಲ. ರೋಗಿ ದಿನಗಟ್ಟಲೆ ಅಲುಗದೆ ಮಲಗಿರಬೇಕಾಗಿತ್ತು. ಅನಂತರ ಜೀವಮಾನವಿಡೀ ಸೀಸೆಯ ತಳದಂಥ ದಪ್ಪ ಗಾಜಿನ, ಸುಮಾರು ಹತ್ತು ಡಯಾಪ್ಟರ್ ಶಕ್ತಿಯ ಕನ್ನಡಕ. ಆ ಕನ್ನಡಕದಲ್ಲಿ ಪ್ರಪಂಚ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದರಲ್ಲಿ ದೃಷ್ಟಿ ಉಳಿದಿದ್ದರೆ ಎರಡು ಗಾತ್ರದ ಎರಡು ಬಿಂಬಗಳು ಮೂಡಿ, ಮೆಟ್ಟಿಲು ಇಳಿಯುವುದೂ ಲೋಟಕ್ಕೆ ನೀರು ಸುರಿಯುವುದೂ ಕಷ್ಟವಾಗುತ್ತಿತ್ತು. ಇಂಥ ಪ್ರತಿಫಲಕ್ಕಾಗಿ, ಇನ್ನೂ ಅಷ್ಟಿಷ್ಟು ಕಾಣುತ್ತಿದ್ದ ಕಣ್ಣನ್ನು ಶಸ್ತ್ರಕ್ಕೆ ಒಪ್ಪಿಸುವುದು ವಿವೇಕವಾಗಿರಲಿಲ್ಲ. ಆದ್ದರಿಂದ ಎರಡೂ ಕಣ್ಣು ಮಂದವಾಗುವವರೆಗೆ ಕಾಯಿರೆಂದು ವೈದ್ಯರು ಹೇಳುತ್ತಿದ್ದರು, ಜನ ಕಾಯುತ್ತಿದ್ದರು.

ಆ ಕಾಲದ ಶಸ್ತ್ರವೈದ್ಯರನ್ನು ಹಗುರವಾಗಿ ಕಾಣಬೇಕಾದ ಕಾರಣ ಲವಲೇಶವೂ ಇಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಅಲೆದು ಶಿಬಿರಗಳನ್ನು ನಡೆಸಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. ಪೂರ್ಣವಾಗಿ ಕುರುಡಾಗಿದ್ದವನಿಗೆ ಆ ದಪ್ಪ ಕನ್ನಡಕದ ಬೆಳಕೂ ಪುನರ್ಜನ್ಮವೇ ಆಗಿತ್ತು. ಬಲಿತ ಪೊರೆ, ಬರಿಗಣ್ಣಿಗೇ ಬೆಳ್ಳಗೆ ಕಾಣುವ ಪಾಪೆ, ಕೈಯಲ್ಲಿ ಒಂದು ಟಾರ್ಚು: ಶಾಲೆಯ ಜಗಲಿಯಲ್ಲಿ, ಛತ್ರದ ಪಡಸಾಲೆಯಲ್ಲಿ ನಡೆಯುತ್ತಿದ್ದ ಶಿಬಿರಗಳಲ್ಲಿ ರೋಗಿಗಳನ್ನು ಆರಿಸಲು ಅಷ್ಟು ಸಾಕಾಗುತ್ತಿತ್ತು. ‘ಬಲಿತಿದೆಯೆ’ ಎಂಬ ಪ್ರಶ್ನೆ ಆ ಜಗಲಿಯಲ್ಲಿ ಸಲ್ಲುತ್ತಿದ್ದ ಪ್ರಶ್ನೆ.

ಬದಲಾವಣೆಯ ಬೀಜ ಬಿದ್ದದ್ದು ಅದಕ್ಕೂ ಮೊದಲೇ. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಶಸ್ತ್ರವೈದ್ಯ, ತೆಗೆದ ಮಸೂರದ ಎಡೆಯಲ್ಲಿ ಕೃತಕ ಮಸೂರವೊಂದನ್ನು ಇರಿಸಿದ. ಯುದ್ಧವಿಮಾನಗಳ ಮೇಲ್ಮುಚ್ಚಳ ಒಡೆದು ಅದರ ಚೂರುಗಳು ವಿಮಾನ ಚಾಲಕರ ಕಣ್ಣೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಕಂಡು ಅದೇ ಬಗೆಯ ಪ್ಲಾಸ್ಟಿಕ್ಕನ್ನು ಆತ ಆರಿಸಿಕೊಂಡಿದ್ದ. ಅಮೆರಿಕೆಯ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಶ್ರವಣಾತೀತ ಧ್ವನಿತರಂಗಗಳಿಂದ ಮಸೂರವನ್ನು ಕಣ್ಣಿನೊಳಗೇ ಪುಡಿಮಾಡಿ ಹೀರಿತೆಗೆಯುವ ವಿಧಾನವನ್ನು ಬಳಕೆಗೆ ತಂದ. ಇಂದು ಎಲ್ಲರ ಬಾಯಲ್ಲಿರುವ ‘ಫೇಕೋ’ ಇದೇ. ಇವೆರಡೂ ಭಾರತದ ಸಾಮಾನ್ಯ ರೋಗಿಯನ್ನು ಮುಟ್ಟಲು ದಶಕಗಳು ಹಿಡಿದವು. ಪರದೇಶದ ಮಸೂರ ದುಬಾರಿಯಾಗಿತ್ತು. ಮಧುರೆಯ ಅರವಿಂದ ಸಂಸ್ಥೆಯವರು 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಕಡಿಮೆ ಬೆಲೆಯ ಮಸೂರವನ್ನು ದೇಶದಲ್ಲೇ ತಯಾರಿಸತೊಡಗಿದರು. 1994ರಿಂದ 2002ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಅವಿಭಜಿತ ಆಂಧ್ರಪ್ರದೇಶವೂ ಸೇರಿದಂತೆ ಏಳು ರಾಜ್ಯಗಳಲ್ಲಿ ನಡೆದ ಯೋಜನೆಯ ಮೂಲಕ ಶಸ್ತ್ರಚಿಕಿತ್ಸೆ ಶಿಬಿರದ ಚಪ್ಪರದಿಂದ ಆಸ್ಪತ್ರೆಯ ಕೊಠಡಿಗೆ ಬಂದಿತು. ಕೃತಕ ಮಸೂರ ಬಂದೊಡನೆ ದಪ್ಪ ಕನ್ನಡಕ ಹೋಯಿತು, ಅದರೊಡನೆ ಕಾಯಬೇಕಾದ ಕಾರಣವೂ ಹೋಯಿತು. ಹೋಗಿದೆಯೆಂಬ ಸುದ್ದಿಯನ್ನು ಮನೆಗಳಿಗೆ ಯಾರೂ ಸರಿಯಾಗಿ ತಲಪಿಸಲಿಲ್ಲ.

ಈಗ ಉಪ್ಪಲ್ಲಿನಂಥ ಬಡಾವಣೆಯ ಒಂದು ಸಾಧಾರಣ ಚಿಕಿತ್ಸಾಲಯದೊಳಗೆ ಹೋಗಿ ನೋಡಿದರೆ, ಆ ಟಾರ್ಚಿನ ಕಾಲದಿಂದ ಎಷ್ಟು ದೂರ ಬಂದಿದ್ದೇವೆಂಬುದು ತಿಳಿಯುತ್ತದೆ. ಗೋಡೆಯ ಅಕ್ಷರಪಟ್ಟಿಕೆ ಹಳೆಯದೇ. ಅದರಾಚೆ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕ. ಸೀಳಿನಂಥ ಬೆಳಕಿನಲ್ಲಿ ಕಣ್ಣಿನ ಮುಂಭಾಗವನ್ನು ಪದರ ಪದರವಾಗಿ ತೋರಿಸುವ ಇದನ್ನು 1911ರಲ್ಲಿ ರೂಪಿಸಿದವನು ಸ್ವೀಡನ್ನಿನ ಗುಲ್‌ಸ್ಟ್ರಾಂಡ್. ಅದಕ್ಕೇ ಜೋಡಿಸುವ ಟೋನೋಮೀಟರ್ ಕಣ್ಣಿನೊಳಗಿನ ಒತ್ತಡವನ್ನು ಅಳೆಯುತ್ತದೆ. ಗಾಳಿಯ ಒಂದು ಉಸಿರನ್ನು ಕಣ್ಣಿಗೆ ಊದಿ ಅಳೆಯುವ ಯಂತ್ರವೂ ಉಂಟು, ಅದಕ್ಕೆ ಮುದುಕರೆಲ್ಲ ಒಮ್ಮೆ ಬೆಚ್ಚಿಬೀಳುತ್ತಾರೆ. ಪಾಪೆಯನ್ನು ಹಿಗ್ಗಿಸುವ ತೊಟ್ಟು ಔಷಧ ಹಾಕಿ, ಅಕ್ಷಿಪಟಲವನ್ನು ನೋಡುವ ಉಪಕರಣಗಳು ಬೇರೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನ ಒಳಗೋಡೆಯನ್ನು ಮೊದಲಿಗೆ ನೋಡಲು ಸಾಧ್ಯಮಾಡಿದಂದಿನಿಂದ ಅವುಗಳ ವಂಶ ಬೆಳೆದಿದೆ. ಕಣ್ಣಿನ ಉದ್ದವನ್ನೂ ಕಾರ್ನಿಯಾದ ವಕ್ರತೆಯನ್ನೂ ಅಳೆದು, ಯಾವ ಶಕ್ತಿಯ ಮಸೂರ ಬೇಕೆಂಬುದನ್ನು ಗಣಿಸುವ ಬಯೋಮೀಟರ್ ಇರುತ್ತದೆ. 1991ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಮೊದಲು ವರದಿಯಾದ ಓ.ಸಿ.ಟಿ. ಎಂಬ ಯಂತ್ರ, ಅಕ್ಷಿಪಟಲದ ಪದರಗಳನ್ನು ಕೊಯ್ಯದೆಯೇ ಕೊಯ್ದಂತೆ ತೋರಿಸುತ್ತದೆ. ಇದು ಈಗ ಬಡಾವಣೆಗಳಿಗೂ ಬಂದಿದೆ.

ಕಾಯುವಿಕೆಯಿಂದಾಗುವ ಮೊದಲ ನಷ್ಟ ಇಲ್ಲಿಯೇ ಇದೆ: ಈ ಯಂತ್ರಗಳಲ್ಲಿ ಅತ್ಯುತ್ತಮವಾದವು ಕೆಲಸ ಮಾಡುವುದು ಬೆಳಕಿನಿಂದ, ಬಲಿತ ಪೊರೆ ಬೆಳಕನ್ನು ಒಳಗೆ ಬಿಡುವುದಿಲ್ಲ. ಕಣ್ಣಿನ ಉದ್ದ ಸಾಮಾನ್ಯವಾಗಿ 23ರಿಂದ 24 ಮಿಲಿಮೀಟರು. ಅದನ್ನು ಅಳೆಯುವಲ್ಲಿ ಒಂದು ಮಿಲಿಮೀಟರು ತಪ್ಪಿದರೆ ಕನ್ನಡಕದ ಲೆಕ್ಕದಲ್ಲಿ ಎರಡೂವರೆ ಮೂರು ಡಯಾಪ್ಟರಿನಷ್ಟು ತಪ್ಪಾಗುತ್ತದೆ. ಅಂದರೆ ಶಸ್ತ್ರಚಿಕಿತ್ಸೆ ನಿರ್ವಿಘ್ನವಾಗಿ ನಡೆದರೂ ರೋಗಿ ಎದುರಿನವರ ಮುಖ ಕಾಣಲು ಕನ್ನಡಕ ಹುಡುಕಬೇಕು. ಬೆಳಕಿನ ಬಯೋಮೀಟರ್ ಕಣ್ಣನ್ನು ಮುಟ್ಟದೆ, ಕೂದಲೆಳೆಯಷ್ಟೂ ತಪ್ಪದೆ ಉದ್ದವನ್ನು ಅಳೆಯುತ್ತದೆ. ಪೊರೆ ತೀರ ದಟ್ಟವಾಗಿದ್ದರೆ ಅದರ ಕಿರಣ ಹಿಂತಿರುಗುವುದಿಲ್ಲ. ಆಗ ಧ್ವನಿತರಂಗದ ಎ-ಸ್ಕ್ಯಾನೇ ಗತಿ. ಅದರ ಕಡ್ಡಿಯನ್ನು ಕಾರ್ನಿಯಾಕ್ಕೆ ಮುಟ್ಟಿಸುವಾಗ ಕೈ ತುಸು ಒತ್ತಿದರೂ ಕಣ್ಣು ಗಿಡ್ಡವಾಗಿ ಲೆಕ್ಕಕ್ಕೆ ಬರುತ್ತದೆ. ಪಳಗಿದ ಕೈಯಲ್ಲಿ ಎ-ಸ್ಕ್ಯಾನ್ ಒಳ್ಳೆಯ ಫಲವನ್ನೇ ಕೊಡುತ್ತದೆ. ಆದರೂ ಸುಲಭವಾಗಿ ಸಿಗುತ್ತಿದ್ದ ನಿಖರತೆಯನ್ನು ಬೇಕೆಂದೇ ಕಳೆದುಕೊಂಡಂತಾಯಿತಲ್ಲವೆ?

ಅಕ್ಷಿಪಟಲದ ವಿಷಯವೂ ಹೀಗೆಯೇ. ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಅಂಥವರ ಅಕ್ಷಿಪಟಲದಲ್ಲಿ ರಕ್ತನಾಳಗಳು ಸೋರುತ್ತಿದ್ದರೆ, ಪೊರೆ ತೆಗೆದಮೇಲೂ ದೃಷ್ಟಿ ಬರಲಾರದು. ಮೊದಲೇ ತಿಳಿದರೆ ಲೇಸರಿನಿಂದಲೋ ಚುಚ್ಚುಮದ್ದಿನಿಂದಲೋ ಅದಕ್ಕೆ ತಕ್ಕ ವ್ಯವಸ್ಥೆ ಮಾಡಬಹುದು. ಬಲಿತ ಪೊರೆಯ ಹಿಂದೆ ಇದೊಂದೂ ಕಾಣದು. ಬಿ-ಸ್ಕ್ಯಾನ್ ಎಂಬ ಧ್ವನಿತರಂಗದ ಪರೀಕ್ಷೆ ಅಕ್ಷಿಪಟಲ ಕಳಚಿಕೊಂಡಿದೆಯೇ, ಒಳಗೆ ರಕ್ತ ತುಂಬಿದೆಯೇ ಎಂಬ ಸ್ಥೂಲ ಸಂಗತಿಗಳನ್ನಷ್ಟೆ ಹೇಳುತ್ತದೆ. “ಆಪರೇಷನ್ ಆಯಿತು, ಆದರೂ ಅವ್ವಗ ಕಾಣ್ಸವಲ್ದು” ಎಂದು ಮನೆಯವರು ಆಸ್ಪತ್ರೆಯನ್ನು ದೂರುವ ಪ್ರಸಂಗಗಳಲ್ಲಿ ಕೆಲವಕ್ಕಾದರೂ ಮೂಲ ಇಲ್ಲಿರುತ್ತದೆ.

ಶಸ್ತ್ರವೈದ್ಯನ ಕೈಗೂ ಬಲಿತ ಪೊರೆ ಕಷ್ಟವನ್ನೇ ತರುತ್ತದೆ. ಕಲ್ಲಾದ ಮಸೂರವನ್ನು ಪುಡಿಮಾಡಲು ಹೆಚ್ಚು ಶಕ್ತಿಯ ತರಂಗ ಬೇಕು. ಆ ಶಕ್ತಿ ಕಾರ್ನಿಯಾದ ಒಳಮೈಯ ಜೀವಕೋಶಗಳನ್ನು ನಾಶಮಾಡುತ್ತದೆ, ಮನುಷ್ಯನಲ್ಲಿ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಇನ್ನು ಕೆಲವರಲ್ಲಿ ಮಸೂರ ಊದಿಕೊಂಡು ಕಣ್ಣಿನೊಳಗಿನ ದ್ರವದ ಹೊರದಾರಿಯನ್ನು ಮುಚ್ಚಿಬಿಡುತ್ತದೆ. ಒಮ್ಮೆಗೇ ಒತ್ತಡ ಏರಿ ಕಣ್ಣು ಕೆಂಪಾಗಿ ಸಿಡಿಯುವಂಥ ನೋವು, ತಲೆನೋವು, ವಾಂತಿ. ಹಳ್ಳಿಯಲ್ಲಿ ಇದನ್ನು ಪಿತ್ತವೆಂದು ಬಗೆದು ಶುಂಠಿ ಕಷಾಯ ಕುಡಿಸಿ ಎರಡು ದಿನ ಕಳೆಯುವುದುಂಟು. ಆ ಎರಡು ದಿನಗಳಲ್ಲಿ ದೃಷ್ಟಿನರ ಸಾಯಬಹುದು.

ದೃಷ್ಟಿನರದ ಮಾತು ಬಂದ ಮೇಲೆ ಗ್ಲಾಕೋಮಾವನ್ನು ಕುರಿತು ಹೇಳಲೇಬೇಕು. ಕಾಯುವಿಕೆಯ ಅಪಾಯಗಳಲ್ಲಿ ಇದೇ ಅತ್ಯಂತ ಘೋರವಾದದ್ದು. ಸಾಮಾನ್ಯ ಕಣ್ಣಿನೊಳಗಿನ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರಿನಷ್ಟು. ಅದು ಹೆಚ್ಚಾಗಿ, ಕೆಲವೊಮ್ಮೆ ಹೆಚ್ಚಾಗದೆಯೂ, ದೃಷ್ಟಿನರ ಸವೆಯುತ್ತ ಹೋಗುವ ರೋಗವಿದು. ನೋವಿಲ್ಲ, ಕೆಂಪಿಲ್ಲ. ನೋಟದ ಅಂಚುಗಳು ಮೊದಲು ಹೋಗುತ್ತವೆ, ನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದೆ. ಬಾಗಿಲಿನ ಚೌಕಟ್ಟಿಗೆ ಭುಜ ತಾಗುವುದು, ಬದಿಯಿಂದ ಬಂದ ಸೈಕಲ್ಲು ಕಾಣದಿರುವುದು ಮುಂತಾದವನ್ನು ಮನೆಯವರು ವಯಸ್ಸಿನ ಲೆಕ್ಕಕ್ಕೆ ಹಾಕುತ್ತಾರೆ. ಪೊರೆಯೂ ಇದೆಯೆಂದು ಒಮ್ಮೆ ಯಾರಾದರೂ ಹೇಳಿಬಿಟ್ಟಿದ್ದರೆ ಆಮೇಲೆ ಪ್ರತಿಯೊಂದು ಮಂಕಿಗೂ ಪೊರೆಯೇ ಹೊಣೆ. ಪೊರೆಯಿಂದ ಹೋದ ದೃಷ್ಟಿ ಹಿಂದಿರುಗುತ್ತದೆ. ಗ್ಲಾಕೋಮಾದಿಂದ ಹೋದದ್ದು ಒಂದು ಎಳೆಯೂ ಹಿಂದಿರುಗದು, ಉಳಿದುದನ್ನು ಕಾಪಾಡುವುದಷ್ಟೆ ಸಾಧ್ಯ. ದೇಶದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದವರ ಪೈಕಿ ಬಹುಪಾಲು ಜನರಿಗೆ ಅದುವರೆಗೆ ತಮಗೆ ಆ ರೋಗವಿರುವುದೇ ತಿಳಿದಿರಲಿಲ್ಲ. ಪೊರೆ ಬಲಿಯಲೆಂದು ಮೂರು ವರ್ಷ ಕಾಯ್ದ ತಾಯಿಯ ಕಣ್ಣಿನಲ್ಲಿ ಆ ಮೂರು ವರ್ಷ ಬಲಿತದ್ದು ಯಾವುದು ಎಂಬುದನ್ನು ಯಾರೂ ಅಳೆದಿರುವುದಿಲ್ಲ. ಒತ್ತಡವನ್ನು ಅಳೆಯಲು ಬೇಕಾಗಿದ್ದದ್ದು ಐದು ನಿಮಿಷ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ವರ್ಷ ಮೀರಿದವರ ಕುರುಡಿಗೆ ಶೇಕಡ 66.2ರಷ್ಟು ಪ್ರಕರಣಗಳಲ್ಲಿ ಪೊರೆಯೇ ಕಾರಣ. ಚಿಕಿತ್ಸೆ ಬಲ್ಲ ಕಾಯಿಲೆಯೊಂದು ಇಷ್ಟು ಜನರನ್ನು ಕುರುಡರಾಗಿ ಇಟ್ಟಿರುವುದಕ್ಕೆ ಬಡತನ, ದೂರ, ಕರೆದೊಯ್ಯುವವರಿಲ್ಲದಿರುವುದು ಎಲ್ಲವೂ ಕಾರಣಗಳೇ. ಆದರೆ ಉಪ್ಪಲ್ಲಿನಲ್ಲಿ ಮನೆ ಮಾಡಿಕೊಂಡ ಕುಟುಂಬಕ್ಕೆ ಇವುಗಳಲ್ಲಿ ಯಾವುದೂ ಅಷ್ಟಾಗಿ ಅನ್ವಯಿಸದು. ಅವರನ್ನು ತಡೆಯುವುದು ಹಳೆಯ ಸಲಹೆಯೊಂದೇ.

ಹಾಗೆಂದು, ಪೊರೆ ಕಂಡೊಡನೆ ಮೇಜಿನ ಮೇಲೆ ಮಲಗಬೇಕೆಂದು ಹೇಳಿದಂತಾಗಬಾರದು. ಇಂದಿನ ದಿನಗಳಲ್ಲಿ ಎದುರು ದಿಕ್ಕಿನ ಅತಿರೇಕವೂ ಬೆಳೆದಿದೆ. ಅರವತ್ತು ದಾಟಿದ ಬಹುತೇಕ ಎಲ್ಲರ ಮಸೂರದಲ್ಲೂ ಅಷ್ಟಿಷ್ಟು ಮಬ್ಬು ಇದ್ದೇ ಇರುತ್ತದೆ. ಪಟ್ಟಿಕೆಯ ಕೊನೆಯ ಸಾಲುಗಳನ್ನು ತಡವರಿಸದೆ ಓದುವ, ದಿನನಿತ್ಯದ ಕೆಲಸಕ್ಕೆ ತೊಡಕಿಲ್ಲದ ಮನುಷ್ಯನಿಗೆ ಮಸೂರ ತೆಗೆಸುವ ತ್ವರೆ ಬೇಕಿಲ್ಲ. ಪೊರೆ ಬಲಿತಿದೆಯೇ ಎಂಬುದರ ಸ್ಥಾನದಲ್ಲಿ ಬರಬೇಕಾದ ಪ್ರಶ್ನೆ, ಈ ವ್ಯಕ್ತಿಯ ಯಾವ ಕೆಲಸ ನಿಂತುಹೋಗಿದೆ ಎಂಬುದು. ಅಕ್ಕಿ ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಪಂಚಾಂಗ ನೋಡುವುದು, ಸಂಜೆಯ ಹೊತ್ತು ಎದುರು ಬರುವ ವಾಹನದ ದೀಪಕ್ಕೆ ಕಣ್ಣು ಕೋರೈಸದೆ ರಸ್ತೆ ದಾಟುವುದು. ಇವುಗಳಲ್ಲಿ ಒಂದು ತಪ್ಪಿದ್ದು ಪೊರೆಯಿಂದಲೇ ಎಂದು ಪರೀಕ್ಷೆಯಿಂದ ಸ್ಥಿರಪಟ್ಟರೆ ಶಸ್ತ್ರಚಿಕಿತ್ಸೆಯ ಕಾಲ ಬಂದಿದೆ.

ಜಾಹೀರಾತುಗಳ ವಿಷಯದಲ್ಲಿಯೂ ಒಂದೆರಡು ಮಾತು ಅವಶ್ಯ. ಲೇಸರಿನಿಂದ, ಚಾಕುವಿಲ್ಲದೆ, ಎಂಬ ಫಲಕಗಳು ಹೈದರಾಬಾದಿನ ರಸ್ತೆಗಳಲ್ಲಿ ಕಾಣದಿರುವ ದಿನವಿಲ್ಲ. ಫೆಮ್ಟೋಸೆಕೆಂಡ್ ಲೇಸರಿನ ನೆರವಿನಿಂದ ಮಾಡುವ ಪೊರೆ ಚಿಕಿತ್ಸೆಯನ್ನು ಸಾಮಾನ್ಯ ಫೇಕೋದೊಡನೆ ಹೋಲಿಸಿದ ಫ್ರಾನ್ಸಿನ ದೊಡ್ಡ ಅಧ್ಯಯನವೊಂದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಚ್ಚಿನ ವೆಚ್ಚಕ್ಕೆ ತಕ್ಕ ಹೆಚ್ಚಿನ ಲಾಭ ಅದರಲ್ಲಿ ಕಂಡುಬರಲಿಲ್ಲ. ಯಂತ್ರವಿಲ್ಲದೆ, ಸುಮಾರು ಆರು ಮಿಲಿಮೀಟರಿನ, ಹೊಲಿಗೆ ಬೇಡದ ಗಾಯದ ಮೂಲಕ ಮಸೂರ ತೆಗೆಯುವ ಸಣ್ಣಗಾಯದ ವಿಧಾನವೂ ಇದೆ. ಧರ್ಮಾರ್ಥ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ನೇಪಾಳದಲ್ಲಿ ಬಲಿತ ಪೊರೆಯ ರೋಗಿಗಳಲ್ಲಿ ಇದನ್ನು ಫೇಕೋದೊಡನೆ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳ ಅನಂತರದ ದೃಷ್ಟಿ ಎರಡರಲ್ಲೂ ಸರಿಸಮವಾಗಿತ್ತು. ಗಾಯ ಬೇಗ ಮಾಯುವುದು, ಕನ್ನಡಕದ ಅಡ್ಡಸಂಖ್ಯೆ ಕಡಿಮೆಯಾಗುವುದು ಮುಂತಾದ ಅನುಕೂಲಗಳು ಫೇಕೋಗೆ ಇವೆ. ಅದಕ್ಕಾಗಿ ಹಣ ಕೊಡುವುದು ತಪ್ಪೇನಲ್ಲ. ತಪ್ಪಾಗುವುದು, ದುಬಾರಿ ಮಸೂರಕ್ಕೆ ಹತ್ತಾರು ಸಾವಿರ ಕೊಡಲು ಸಿದ್ಧವಾದ ಮನೆಯವರು ಪಾಪೆ ಹಿಗ್ಗಿಸಿ ನೋಡುವ ಪರೀಕ್ಷೆಗೆ ಎರಡು ಗಂಟೆ ಕೊಡಲು ಒಪ್ಪದಾಗ. “ಡ್ರಾಪ್ಸ್ ಬೇಡ ಡಾಕ್ಟರೇ, ಆಫೀಸಿಗೆ ಹೋಗಬೇಕು” ಎಂದು ಕರೆತಂದ ಮಗನೇ ಹೇಳುತ್ತಾನೆ. ಕುಟುಂಬದ ಹಣವೂ ಸಮಯವೂ ಮೊದಲು ಸಲ್ಲಬೇಕಾದದ್ದು ಆ ಪರೀಕ್ಷೆಗೆ, ಮಸೂರದ ಆಯ್ಕೆ ಅನಂತರದ ಮಾತು. ಅನೇಕ ಕೇಂದ್ರಗಳ ಮಸೂರವನ್ನು ಗ್ಲಾಕೋಮಾ ಇರುವ ಅಥವಾ ಅಕ್ಷಿಪಟಲ ಕೆಟ್ಟ ಕಣ್ಣಿಗೆ ಹಾಕಿದರೆ ಕೊಟ್ಟ ಹಣ ವ್ಯರ್ಥವಾಗುವುದರ ಜೊತೆಗೆ ನೋಟದ ಸ್ಪಷ್ಟತೆಯೂ ತಗ್ಗುತ್ತದೆ.

ಯಂತ್ರಗಳು ಕೇಳದ ಸಂಗತಿಗಳೂ ಕೆಲವಿವೆ. ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ನುಂಗುವ ವೃದ್ಧರ ಕಣ್ಣಿನ ಪಾಪೆ ಶಸ್ತ್ರಚಿಕಿತ್ಸೆಯ ನಡುವೆ ಸಡಿಲಗೊಂಡು ಕಿರಿದಾಗುತ್ತದೆಂಬುದು 2005ರಲ್ಲಿ ಬೆಳಕಿಗೆ ಬಂದಿತು. ಮೊದಲೇ ತಿಳಿದಿದ್ದರೆ ಶಸ್ತ್ರವೈದ್ಯ ಅದಕ್ಕೆ ಸಿದ್ಧನಾಗಿರುತ್ತಾನೆ. ಸೊಸೆಯ ಎದುರು ಮೂತ್ರದ ಮಾತೆತ್ತಲು ಸಂಕೋಚಪಡುವ ಮಾವ ಅದನ್ನು ಹೇಳುವುದಿಲ್ಲ. ಕಣ್ಣಿಗೂ ಅದಕ್ಕೂ ಏನು ಸಂಬಂಧವೆಂದು ಅವರಿಗೆ ತೋರುವುದೂ ಇಲ್ಲ. ಭಾಷೆಯ ತೊಡಕು ಇದಕ್ಕೆ ಸೇರುತ್ತದೆ. ಪರೀಕ್ಷೆ ಮಾಡುವ ಹುಡುಗಿ ತೆಲುಗಿನಲ್ಲಿ ಕೇಳುತ್ತಾಳೆ, ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಮಗ ನಡುವೆ ನಿಂತು ಹತ್ತು ವಾಕ್ಯಗಳನ್ನು ಒಂದಕ್ಕಿಳಿಸಿ “ಏನಿಲ್ಲವ್ವಾ, ಸಣ್ಣದು” ಎನ್ನುತ್ತಾನೆ. ಮಾತ್ರೆಗಳ ಚೀಲವನ್ನು ಇದ್ದಂತೆಯೇ ಒಯ್ದು ಮೇಜಿನ ಮೇಲಿಟ್ಟರೆ ಈ ತೊಡಕು ಅರ್ಧ ಪರಿಹಾರವಾದಂತೆ. ಹತ್ತಿರದ ನೋಟಕ್ಕೆ ಬೇಕಾದ ಕನ್ನಡಕವನ್ನು ಗೊತ್ತುಮಾಡುವಾಗ ಮನೆಯ ಕನ್ನಡ ಪತ್ರಿಕೆಯನ್ನೋ ಪಂಚಾಂಗವನ್ನೋ ಕೈಗೆ ಕೊಟ್ಟು ಓದಿಸುವುದೂ ಒಳ್ಳೆಯದು. ಇಂಗ್ಲಿಷಿನ ಪಟ್ಟಿಕೆಯ ಮುಂದೆ ಸುಮ್ಮನೆ ಕುಳಿತ ಎಷ್ಟೋ ಮಂದಿ ಹಿರಿಯರಿಗೆ ಕಾಣುತ್ತಿಲ್ಲವೋ ಅಕ್ಷರ ಬಾರದೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಯಾರೂ ಹೆಸರು ಕೇಳದ ಉಪಕರಣವೊಂದಿದೆ: ಶಸ್ತ್ರಗಳನ್ನು ಹಬೆಯಲ್ಲಿ ಬೇಯಿಸಿ ನಿರ್ಮಲಗೊಳಿಸುವ ಆಟೋಕ್ಲೇವ್. ಕಣ್ಣಿನೊಳಗೆ ಸೋಂಕು ಹೊಕ್ಕುವುದು ಬಹು ವಿರಳ. ಹೊಕ್ಕರೆ ಒಂದೆರಡು ದಿನಗಳಲ್ಲಿ ಕಣ್ಣೇ ಹೋಗಬಹುದು. ಲೇಸರ್ ಉಂಟೆ ಎಂದು ವಿಚಾರಿಸುವವರು, ಪ್ರತಿ ರೋಗಿಗೂ ಬೇರೆ ನಿರ್ಮಲ ಶಸ್ತ್ರಗಳ ತಟ್ಟೆ ಬಳಸುತ್ತೀರಾ, ರಾತ್ರಿ ನೋವು ಬಂದರೆ ಯಾರನ್ನು ಕರೆಯಬೇಕು ಎಂದು ಕೇಳಿದರೆ ಅದಕ್ಕೆ ಯಾವ ಒಳ್ಳೆಯ ವೈದ್ಯನೂ ಮುನಿಯಲಾರ. ಶಸ್ತ್ರಚಿಕಿತ್ಸೆಯ ಮರುದಿನದಿಂದ ನೋವು ಹೆಚ್ಚುತ್ತ ನೋಟ ಕುಗ್ಗುತ್ತ ಹೋದರೆ ಗಂಟೆಯನ್ನೂ ಕಳೆಯದೆ ಹಿಂದಿರುಗಬೇಕು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮೆಲ್ಲಗೆ ಮಂಕಾದರೆ ಅದು ಬೇರೆ: ಕೃತಕ ಮಸೂರದ ಹಿಂದಿನ ತೆಳು ಕೋಶ ಮಬ್ಬಾಗಿರುತ್ತದೆ. “ಪೊರೆ ಮತ್ತೆ ಬಂತು” ಎಂದು ಕಂಗಾಲಾಗಬೇಕಾದದ್ದಿಲ್ಲ. ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ತೆರೆಯುತ್ತಾರೆ.

ಬಡಾವಣೆಯ ಚಿಕಿತ್ಸಾಲಯದಲ್ಲಿ ಎಲ್ಲ ಯಂತ್ರಗಳೂ ಇರಬೇಕೆಂದಿಲ್ಲ. ಹೈದರಾಬಾದು ಈ ವಿಷಯದಲ್ಲಿ ಭಾಗ್ಯವಂತ ನಗರ. ಮೆಹದಿಪಟ್ಟಣದ ಬಳಿಯ ಸರೋಜಿನಿದೇವಿ ಸರ್ಕಾರಿ ಕಣ್ಣಿನ ಆಸ್ಪತ್ರೆ ಬಡವರ ಪ್ರಮುಖ ಆಸರೆಯಾಗಿದೆ. ಚಲನಚಿತ್ರ ನಿರ್ಮಾಪಕ ಎಲ್. ವಿ. ಪ್ರಸಾದರ ದಾನದಿಂದ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಅವರು 1987ರಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಆರಂಭಿಸಿದ ಸಂಸ್ಥೆ, ತನ್ನ ಸೇವೆಯ ಅರ್ಧದಷ್ಟನ್ನು ಶುಲ್ಕವಿಲ್ಲದೆ ಒದಗಿಸುತ್ತದೆ. ಊರಿನ ದೃಷ್ಟಿಕೇಂದ್ರದಲ್ಲಿ ಕನ್ನಡಕ, ಅದರ ಮೇಲಿನ ಹಂತದಲ್ಲಿ ಪೊರೆಯ ಚಿಕಿತ್ಸೆ, ಕ್ಲಿಷ್ಟವಾದದ್ದಕ್ಕೆ ಮಾತ್ರ ದೊಡ್ಡ ಆಸ್ಪತ್ರೆ ಎಂಬ ಮೆಟ್ಟಿಲು ವ್ಯವಸ್ಥೆಯನ್ನು ಅದು ಬೆಳೆಸಿದೆ. ತೆಲಂಗಾಣ ಸರ್ಕಾರ 2018ರ ಆಗಸ್ಟ್ 15ರಂದು ಆರಂಭಿಸಿದ ಕಂಟಿ ವೆಲುಗು ಕಾರ್ಯಕ್ರಮ ಲಕ್ಷಾಂತರ ಜನರ ಕಣ್ಣು ನೋಡಿ ಓದುವ ಕನ್ನಡಕಗಳನ್ನು ಉಚಿತವಾಗಿ ಹಂಚಿತು. 2023ರ ಜನವರಿಯಲ್ಲಿ ಅದರ ಎರಡನೆಯ ಹಂತ ಆರಂಭವಾಯಿತು. ಕನ್ನಡಕ ಸಿಕ್ಕಿತೆಂದು ಅಲ್ಲಿಗೇ ನಿಂತವರ ಕಣ್ಣಿನ ಒತ್ತಡವನ್ನು ಅಳೆದವರುಂಟೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಉಪ್ಪಲ್ಲಿನ ಚಿಕಿತ್ಸಾಲಯ ಮಾಡಬೇಕಾದದ್ದು ಈ ಮೆಟ್ಟಿಲಿನ ಮೊದಲ ಮೂರು ಕೆಲಸಗಳನ್ನು ಬಿಡದೆ ಮಾಡುವುದು: ಒತ್ತಡ ಅಳೆಯುವುದು, ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವುದು, ಕಂಡದ್ದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಕಾಗದದ ಮೇಲೆ ಬರೆದುಕೊಡುವುದು. ಹಾಗೆ ಬರೆದ ಕಾಗದ ಕಲಬುರಗಿಯ ವೈದ್ಯರಿಗೂ ಅರ್ಥವಾಗುತ್ತದೆ. ಹದಿನೈದು ದಿನ ಮುಗಿದು ತಾಯಿ ಊರಿಗೆ ಮರಳಿದರೂ ಚಿಕಿತ್ಸೆಯ ದಾರ ತುಂಡಾಗುವುದಿಲ್ಲ.

ಗ್ಲಾಕೋಮಾ ರಕ್ತಸಂಬಂಧದಲ್ಲಿ ಹರಿಯುವ ರೋಗ. ತಾಯಿಗೋ ತಂದೆಗೋ ಅದು ಪತ್ತೆಯಾದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ನಲವತ್ತು ದಾಟಿದ ಮಗ, ತಾಯಿಯ ಕಣ್ಣಿಗೆ ಹಾಕಿದ ಔಷಧ ಪಾಪೆಯನ್ನು ಹಿಗ್ಗಿಸುವವರೆಗೆ ಚಿಕಿತ್ಸಾಲಯದ ಬೆಂಚಿನ ಮೇಲೆ ಫೋನು ನೋಡುತ್ತ ಕುಳಿತಿರುತ್ತಾನೆ. ಆ ಅರ್ಧ ಗಂಟೆಯಲ್ಲಿ ಅವನೂ ಸ್ಲಿಟ್ ಲ್ಯಾಂಪಿನ ಎದುರಿನ ಸ್ಟೂಲಿನ ಮೇಲೆ ಕುಳಿತು ಗದ್ದವನ್ನು ಒರಗಿಸಬಹುದು.